ಸ್ಲೈಡಿನ ಫೋಟೋ ಮತ್ತು ನಮ್ಮ ನೆನಪು: ಒಂದು ತಕರಾರು



ಹೋದ ದೀಪಾವಳಿ ಮುಗಿದ ಮ್ಯಾಲ ನಮ್ಮ ವಾಚನಾಲಯದಾಗ ಒಂದು ಸಂಜೆ ಸ್ಲೈಡಿನ ಪ್ರದರ್ಶನ ಆಯಿತು. ಕೊಲ್ಹಾಪುರದಿಂದ ಒಬ್ಬ ಹಿರಿಯ ಫೋಟೋಗ್ರಾಫರು ಬಂದಿದ್ದರು. ಎಂಬತ್ತರ ಸನಿಹದ ಮನುಷ್ಯ. ಹಳೇ ಪ್ರೊಜೆಕ್ಟರು, ಅದರ ಮ್ಯಾಲ ದುಂಡನೆಯ ತಟ್ಟಿ, ಆ ತಟ್ಟಿಯೊಳಗ 80 ಸ್ಲೈಡು. ಗೋಡೆಗೆ ಬಿಳೀ ಧೋತರ ಕಟ್ಟಿದ್ದೆವು. ದೀಪ ಆರಿಸಿದ ಕೂಡಲೇ ಪ್ರೊಜೆಕ್ಟರಿನ ಫ್ಯಾನು ಗುಂಯ್ ಅಂತು. ಖಟಕ್ ಅಂತ ಒಂದು ಸಪ್ಪಳ ಬಂತು, ಧೋತರದ ತುಂಬ ಬಣ್ಣ ಬಿತ್ತು. ಜ್ಯೋತಿಬಾ ಗುಡ್ಡದ ಚೈತ್ರ ಜಾತ್ರಿಯ ಗುಲಾಲು ಬಂತು. ಇಚಲಕರಂಜಿಯ ಮಗ್ಗದ ಕೇರಿ, ಒಣಗಾಕ ಹಾಕಿದ ಬಣ್ಣದ ನೂಲು ಬಂತು. ರಂಕಾಳ ಕೆರೆಯ ಸಂಜೆ, ಹಿರಣ್ಯಕೇಶಿಯ ದಂಡಿ, ನಮ್ಮ ಗಡಹಿಂಗ್ಲಜ ಕಡೆಯ ಗುರ್ಹಾಳ, ಕಾಯಿಲಿಯೊಳಗ ಕುದಿಯುವ ಕಬ್ಬಿನ ಹಾಲು, ಅದರ ಹೊಗೆ ಎಲ್ಲಾ ಬಂದವು. ಕೂತ ಮಂದಿ ಸಣ್ಣ ಮಕ್ಕಳ ಗತೆ ಬಾಯಿ ತೆರೆದು ನೋಡಿದರು. ನಾನೂ ಹಂಗೇ ನೋಡಿದೆ.

ಎಲ್ಲಾ ಮುಗಿದ ಮ್ಯಾಲ ಅವರು ಮಾತಾಡಿದರು. ಅವರ ಮಾತಿನ ಸಾರ ಮೂರು. ಒಂದು, ಸ್ಲೈಡು ಸುಳ್ಳು ಹೇಳುತ್ತಿರಲಿಲ್ಲ, ಈಗಿನ ಮೊಬೈಲ್ ಫೋಟೋ ಬರೇ ಸುಳ್ಳು. ಎರಡು, ಒಂದು ರೋಲಿಗೆ 36 ಫೋಟೋ ಅಂದಾಗ ಮನುಷ್ಯ ವಿಚಾರ ಮಾಡಿ ಒತ್ತುತ್ತಿದ್ದ, ಈಗ ಸಾವಿರ ತೆಗೆದು ಒಂದನ್ನೂ ನೋಡುವುದಿಲ್ಲ. ಮೂರು, ಸ್ಲೈಡು ಅಂದರ ಒಂದೇ ಒಂದು ಅಸಲು, ಈಗಿನದೆಲ್ಲಾ ನಕಲು. "ಆ ಕಾಲ ಹೋತು" ಅಂತ ಹೇಳಿ ಕಣ್ಣು ಒರೆಸಿಕೊಂಡರು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆದರ ಮನಿಗೆ ಬಂದು ಮಲಗಿದರ ನಿದ್ದಿ ಬರಲಿಲ್ಲ. ಚಪ್ಪಾಳೆ ಹೊಡೆದ ಕೈಯೇ ನನಗ ತಕರಾರು ಮಾಡಾಕ ಹತ್ತಿತು. ಆ ತಕರಾರು ಏನು ಅಂತ ಇಲ್ಲಿ ಬರೀತೀನಿ. ಆ ಹಿರಿಯರ ಮ್ಯಾಲ ನನಗ ಗೌರವ ಐತಿ. ತಕರಾರು ಇರುವುದು ಅವರ ಮಾತಿನ ಕೂಡ.

ಈಗಿನ ಹುಡುಗರಿಗೆ ಸ್ಲೈಡ್ ಅಂದರ ಏನು ಅಂತ ಮೊದಲು ಹೇಳಬೇಕು. ನಮ್ಮ ಮದುವಿ ಕಾಲದ ಫೋಟೋಕ್ಕ ನೆಗೆಟಿವ್ ಅಂತ ಇತ್ತು. ಅದರಾಗ ಬಿಳುಪು ಕಪ್ಪಾಗಿ, ಕಪ್ಪು ಬಿಳುಪಾಗಿ ಕಾಣುತ್ತಿತ್ತು. ಅದರಿಂದ ಕಾಗದದ ಮ್ಯಾಲ ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದಿತ್ತು. ಸ್ಲೈಡು ಹಂಗಲ್ಲ. ಕ್ಯಾಮೆರಾದೊಳಗ ಯಾವ ಫಿಲಂ ತುಣುಕಿನ ಮ್ಯಾಲ ಬೆಳಕು ಬಿತ್ತೋ, ಅದೇ ತುಣುಕು ತೊಳೆದ ಮ್ಯಾಲ ಬಣ್ಣದ ಚಿತ್ರ ಆಗುತ್ತದ. ಅದರ ಅಳತಿ 24 ಮಿಲಿಮೀಟರು ಎತ್ತರ, 36 ಮಿಲಿಮೀಟರು ಅಗಲ. ಎರಡು ಇಂಚಿನ ಚೌಕಟ್ಟಿನೊಳಗ ಅದನ್ನ ಕೂಡಿಸುತ್ತಾರ. ಬೆಳಕಿಗೆ ಹಿಡಿದರ ಕಿಟಕಿ ತೆರೆದಂಗ ಕಾಣತೈತಿ. ಒಳಗ ಮೂರು ಪದರು, ನೀಲಿಗೆ ಒಂದು, ಹಸಿರಿಗೆ ಒಂದು, ಕೆಂಪಿಗೆ ಒಂದು.

ಇದರಾಗ ಹೆಸರಾದದ್ದು ಕೊಡಾಕ್ ಕಂಪನಿಯ ಕೊಡಾಕ್ರೋಮ್. 1935ರಲ್ಲಿ ಮೊದಲು ಸಿನಿಮಾ ಕ್ಯಾಮೆರಾಕ್ಕ ಬಂತು, ಮರುವರ್ಷ ಫೋಟೋ ಕ್ಯಾಮೆರಾಕ್ಕ ಬಂತು. ನಮ್ಮ ಊರ ಮಾಸ್ತರರು ಓದಿ ಹೇಳಿದ ಒಂದು ಸಂಗತಿ ನನಗ ಭಾಳ ಸೇರಿತು. ಇದನ್ನ ಕಂಡುಹಿಡಿದವರು ಇಬ್ಬರು ಸಂಗೀತಗಾರರು. ಲಿಯೋಪೋಲ್ಡ್ ಮ್ಯಾನಸ್ ಪಿಯಾನೋ ಬಾರಿಸುವವರು, ಲಿಯೋಪೋಲ್ಡ್ ಗೊಡೊವ್‌ಸ್ಕಿ ಪಿಟೀಲು ಬಾರಿಸುವವರು. ಫಿಲಂ ತೊಳೆಯುವ ಕೋಣಿ ಗಂವ್ ಅನ್ನುವಷ್ಟು ಕತ್ತಲಿ, ಗಡಿಯಾರ ಕಾಣುವುದಿಲ್ಲ. ಅದಕ್ಕ ಒಂದು ರಾಗ ಸಿಳ್ಳೆ ಹಾಕಿ, ಅದರ ತಾಳದ ಮ್ಯಾಲ ಹೊತ್ತು ಎಣಿಸುತ್ತಿದ್ದರಂತ. ರಾಗಿ ಬೀಸುವಾಗ, ಹಂತಿ ಹೊಡೆಯುವಾಗ ಹಾಡಿನ ಮ್ಯಾಲ ಹೊತ್ತು ಕಳೆದ ನಮಗ ಇದು ಹೊಸದೇನಲ್ಲ.

ಕೊಡಾಕ್ರೋಮ್ ತಯಾರಿಸುವುದನ್ನ ಕಂಪನಿ 2009ರಲ್ಲಿ ನಿಲ್ಲಿಸಿತು. ಅದನ್ನ ತೊಳೆಯುವ ಕಡೇ ಅಂಗಡಿ ಅಮೆರಿಕಾದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಅನ್ನುವ ಸಣ್ಣ ಊರಾಗ ಇತ್ತು. 2010ರ ಡಿಸೆಂಬರ್ 30ಕ್ಕ ಅವರೂ ರೋಲು ತಗೊಳ್ಳುವುದನ್ನ ನಿಲ್ಲಿಸಿದರು. ತಟ್ಟಿ ತಿರುಗುವ ಪ್ರೊಜೆಕ್ಟರು ಮಾಡುವುದನ್ನ ಕೊಡಾಕ್ 2004ರಲ್ಲೇ ಬಿಟ್ಟಿತ್ತು. ಅಂದಮ್ಯಾಲ ನಮ್ಮ ಹಿರಿಯರು ಅತ್ತದ್ದು ಅವರೊಬ್ಬರ ದುಃಖ ಅಲ್ಲ. ಜಗತ್ತಿನ ತುಂಬ ಹಂಗ ಅಳುವವರು ಇದ್ದಾರ. ಆ ಅಳುವಿಗೆ ಕಂಪನಿಯೂ ಓಗೊಟ್ಟಿತು. ನಿಲ್ಲಿಸಿದ್ದ ಎಕ್ಟಾಕ್ರೋಮ್ ಅನ್ನುವ ಇನ್ನೊಂದು ಸ್ಲೈಡ್ ಫಿಲಂ 2018ರಲ್ಲಿ ತಿರುಗಿ ಬಂತು.

ಸ್ಲೈಡಿನ ನೆನಪು ನಮಗೂ ಇಲ್ಲದಿಲ್ಲ. ಜಾತ್ರಿಯ ತಂಬೂ ಟಾಕೀಜಿನಾಗ ಮಧ್ಯಂತರ ಆದಾಗ ಕಾಜಿನ ಮ್ಯಾಲ ಕೈಯಿಂದ ಬರೆದ ಜಾಹೀರಾತಿನ ಸ್ಲೈಡು ಬರುತ್ತಿತ್ತು. ಬೀಡಿ, ಬಟ್ಟಿ ಅಂಗಡಿ, ಸೋಡಾ. ಸರಕಾರದ ಪ್ರಚಾರದ ಜೀಪು ಬಂದು ಕುಟುಂಬ ಯೋಜನೆಯ ಕೆಂಪು ತ್ರಿಕೋನ ತೋರಿಸುತ್ತಿತ್ತು, ಕಬ್ಬಿಗೆ ಬೀಳುವ ಹುಳ ತೋರಿಸುತ್ತಿತ್ತು. ಗೋಡೆಯಷ್ಟು ದೊಡ್ಡ ಹುಳ ನೋಡಿ ನಮ್ಮ ಅಜ್ಜಿ ಎದ್ದು ಹೊರಗ ಹೋಗಿದ್ದಳು.

ಇನ್ನ ನನ್ನ ತಕರಾರಿಗೆ ಬರೋಣ. ಆ ರಾತ್ರಿ ಐವತ್ತು ದಾಟಿದ ಮ್ಯಾಲ ಒಂದು ಸ್ಲೈಡು ಬಂತು. ಜೋಳದ ಕಣ, ನಡುವ ಮೇಟಿ, ನಾಲ್ಕು ಎತ್ತು. ಎತ್ತಿನ ಹಿಂದ ಬಿಳೀ ರುಮಾಲಿನ ಮನುಷ್ಯ, ಬಾಯಿ ತೆರೆದಾನ, ಒಂದು ಕೈ ಕಿವಿಗೆ ಇಟ್ಟಾನ. ಚಿತ್ರದ ಎಡಗಡೆ ಅಂಚಿನಾಗ ಅರ್ಧ ಹೆಂಗಸು. ಮುಖ ಚಿತ್ರದ ಹೊರಗ ಉಳಿದೈತಿ, ತಲೀ ಮ್ಯಾಲಿನಿಂದ ಇಳಿದ ಸೆರಗು, ಕೈಯಾಗಿನ ತಂಬಿಗಿ ಅಷ್ಟೇ ಕಾಣತೈತಿ. ಹಿರಿಯರು, "ಹಂತಿ ಹಾಡುಗಾರ, ಗಡಹಿಂಗ್ಲಜ ತಾಲೂಕು, 1984" ಅಂದರು. ಖಟಕ್ ಅಂತ ಮುಂದಿನ ಸ್ಲೈಡು ಬರುವುದರೊಳಗ ನಾನು "ನಿಲ್ಲಸ್ರೀ!" ಅಂತ ಒದರಿದೆ. ಅವ ನಮ್ಮಪ್ಪ. ತಂಬಿಗಿ ಹಿಡಿದಾಕಿ ನಮ್ಮವ್ವ.

ಇಬ್ಬರೂ ಈಗ ಇಲ್ಲ. ಆ ಫೋಟೋವನ್ನ ಇಬ್ಬರೂ ನೋಡಲಿಲ್ಲ. ನಲವತ್ತು ವರ್ಷದ ಮ್ಯಾಲ ನಾನು ನೋಡಿದೆ.

ಮೊದಲನೇ ಮಾತು: ಸ್ಲೈಡು ಸುಳ್ಳು ಹೇಳುತ್ತಿರಲಿಲ್ಲ ಅನ್ನುವುದು. ಒಂದು ಕಡೆಯಿಂದ ಖರೇ. ನಮ್ಮವ್ವನ ಸೆರಗು ಎಂಥಾ ಕೆಂಪು! ಅದು ಇಳಕಲ್ ಸೀರಿ. ಆಕಿ ಹೋದ ಮ್ಯಾಲ ಅದನ್ನ ಹರಿದು ಕೌದಿಗೆ ಹಾಕಿದ್ದೆವು. ಆ ರಾತ್ರಿ ಮನಿಗೆ ಬಂದು ಕೌದಿ ತೆಗೆದು ನೋಡಿದೆ. ಸೆರಗಿನ ತುಂಡು ಈಗ ಹಳೇ ಇಟ್ಟಂಗಿಯ ಬಣ್ಣಕ್ಕ ಬಂದೈತಿ. ನಾನು ಇಷ್ಟು ವರ್ಷ ಅದೇ ಅವ್ವನ ಸೀರಿಯ ಬಣ್ಣ ಅಂತ ತಿಳಿದಿದ್ದೆ. ಕೌದಿ ಮರೆತದ್ದನ್ನ, ನನ್ನ ಕಣ್ಣು ಮರೆತದ್ದನ್ನ, ಆ ಎರಡು ಇಂಚಿನ ಫಿಲಂ ಮರೆತಿರಲಿಲ್ಲ. ಅದಕ್ಕ ನಾನು ಕೈ ಮುಗೀತೀನಿ.

ಆದರ ಅದೇ ಸ್ಲೈಡಿನಾಗ ನಮ್ಮಪ್ಪನ ಮುಖ ಇಲ್ಲ. ರುಮಾಲು ಬೆಳ್ಳಗ ಹೊಳೀತೈತಿ, ಅದರ ಕೆಳಗ ಒಂದು ಕರೀ ಮುದ್ದಿ. ಕಣ್ಣು ಕಾಣುವುದಿಲ್ಲ, ಮೀಸಿ ಕಾಣುವುದಿಲ್ಲ. ರುಮಾಲಿನ ಮ್ಯಾಲಿಂದ, ನಿಂತ ಭಂಗಿಯ ಮ್ಯಾಲಿಂದ, ಬಲಗಡೆಯ ಎತ್ತಿನ ಮುರುಕು ಕೋಡಿನ ಮ್ಯಾಲಿಂದ ನಾನು ಗುರುತು ಹಿಡಿದೆ. ಯಾಕ ಹಿಂಗ ಅಂತ ಆ ಹಿರಿಯರನ್ನೇ ಕೇಳಿದೆ. ಅವರು ಮುಚ್ಚಿಡಲಿಲ್ಲ. ಸ್ಲೈಡ್ ಫಿಲಂ ಭಾಳ ಬಿಗಿ, ಹೆಚ್ಚು ಬೆಳಕು ಮತ್ತು ಹೆಚ್ಚು ನೆರಳು ಎರಡನ್ನೂ ಒಟ್ಟಿಗೆ ಹಿಡಿಯಲಾರದು. ಬಿಳೀ ರುಮಾಲು ಸುಟ್ಟು ಹೋಗಬಾರದು ಅಂತ ಅಳತಿ ಇಟ್ಟರ ಕಪ್ಪು ಮುಖ ಕತ್ತಲಿಗೆ ಬೀಳತೈತಿ. ಮುಖ ಉಳಿಸಿದರ ರುಮಾಲು, ಆಕಾಶ ಹೋಗತಾವು. ಅವರು ರುಮಾಲು ಉಳಿಸಿದರು.

ಇದರ ಹಿಂದ ಇನ್ನೂ ಒಂದು ಕಥಿ ಐತಿ. ಅಮೆರಿಕಾದಾಗ ಬಣ್ಣದ ಫೋಟೋ ಸರಿ ಬಂತೋ ಇಲ್ಲೋ ಅಂತ ನೋಡಾಕ ಪ್ರಯೋಗಶಾಲೆಗಳಿಗೆ ಒಂದು ಮಾದರಿ ಫೋಟೋ ಕಳಿಸುತ್ತಿದ್ದರು. ಅದರಾಗ ಒಬ್ಬ ಬಿಳೀ ಹೆಣ್ಣುಮಗಳು ಇರುತ್ತಿದ್ದಳು. ಅದಕ್ಕ ಶರ್ಲಿ ಕಾರ್ಡ್ ಅಂತಲೇ ಹೆಸರು. ಆಕಿಯ ಚರ್ಮ ಚಲೋ ಕಂಡರ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಚರ್ಮದವರ ಮುಖ ಹೆಂಗ ಬರತೈತಿ ಅಂತ ಭಾಳ ವರ್ಷ ಯಾರೂ ವಿಚಾರ ಮಾಡಲಿಲ್ಲ. ಚಾಕಲೇಟು ಮಾರುವ ಕಂಪನಿಗಳು, ಕಟ್ಟಿಗೆಯ ಸಾಮಾನು ಮಾರುವವರು ತಮ್ಮ ಕಂದು ಬಣ್ಣ ಸರಿ ಬರುವುದಿಲ್ಲ ಅಂತ ತಕರಾರು ಮಾಡಿದ ಮ್ಯಾಲ ಫಿಲಂ ಸುಧಾರಿಸಿತು ಅಂತ ಕೊಡಾಕಿನಾಗ ಕೆಲಸ ಮಾಡಿದವರೇ ಹೇಳ್ಯಾರ. ಬಿಸಿಲಾಗ ದುಡಿದು ಕರ್ರಗಾದ ನಮ್ಮಪ್ಪನಂಥವರ ಮುಖದ ಪರವಾಗಿ ತಕರಾರು ಮಾಡಿದವರು ಯಾರೂ ಇರಲಿಲ್ಲ.

ಬಣ್ಣದ ಮಾತೂ ಅಷ್ಟೇ. ಇಚಲಕರಂಜಿಯ ನೂಲಿನ ಸ್ಲೈಡು ಬಂದಾಗ ನನ್ನ ಮಗ್ಗುಲಿಗೆ ಕೂತಿದ್ದ ನಮ್ಮ ಬೀಗರು, "ಅಷ್ಟು ಗಾಢ ಬಣ್ಣ ನಾವು ಯಾವಾಗೂ ಹಾಕಿದ್ದಿಲ್ಲ ಬಿಡ" ಅಂತ ಕಿವಿಯಾಗ ಅಂದರು. ಅವರು ಮೂವತ್ತು ವರ್ಷ ನೂಲಿಗೆ ಬಣ್ಣ ಹಾಕಿದವರು. ಒಂದೊಂದು ಕಂಪನಿಯ ಫಿಲಮಿಗೆ ಒಂದೊಂದು ಬಣ್ಣದ ಗುಣ ಇತ್ತು. ಫ್ಯೂಜಿ ಕಂಪನಿಯ ವೆಲ್ವಿಯಾ ಅಂತ 1990ರಲ್ಲಿ ಬಂದ ಸ್ಲೈಡು, ಇದ್ದದ್ದಕ್ಕಿಂತ ಗಿಡ ಹಸಿರಾಗಿ ಕಾಣಸತೈತಿ ಅಂತಲೇ ಹೆಸರಾಯಿತು. ಫೋಟೋಗ್ರಾಫರು ತಮಗ ಬೇಕಾದ ಬಣ್ಣದ ಫಿಲಂ ಆರಿಸಿಕೊಳ್ಳುತ್ತಿದ್ದರು. ಈಗ ನನ್ನ ಮೊಮ್ಮಗ ಮೊಬೈಲಿನಾಗ ಬೆರಳು ಎಳೆದು ಮಾಡುವುದೂ ಅದೇ ಕೆಲಸ. ಒಬ್ಬರು ಮೊದಲು ಆರಿಸಿದರು, ಇನ್ನೊಬ್ಬರು ಆಮ್ಯಾಲ ಆರಿಸುತ್ತಾರ.

ಇನ್ನ ಎಲ್ಲಾಕ್ಕಿಂತ ದೊಡ್ಡ ಮಾತು. ಹಂತಿ ಅನ್ನುವುದು ರಾತ್ರಿಯ ಕೆಲಸ. ಊಟ ಆದ ಮ್ಯಾಲ ತಂಪಿನಾಗ ಎತ್ತು ಕಟ್ಟಿ, ಬೆಳ್ಳಿ ಚಿಕ್ಕಿ ಮೂಡುವ ತನಕ ತುಳಿಸುವುದು. ನಿದ್ದಿ ಬರಬಾರದು ಅಂತ ಹಾಡುವುದು. ಆ ಸ್ಲೈಡಿನಾಗ ನೆತ್ತಿ ಮ್ಯಾಲ ಬಿಸಿಲು! ಆ ದಿನ ನನಗ ನೆನಪೈತಿ, ನಾನೂ ಕಣದಾಗ ಇದ್ದೆ. ರಾತ್ರಿ ಫೋಟೋ ಬರುವುದಿಲ್ಲ, ಹಗಲೇ ಹಂತಿ ಹೂಡ್ರಿ ಅಂತ ಆ ಹಿರಿಯರು, ಆಗ ಅವರೂ ಹರೇದವರು, ಕೇಳಿಕೊಂಡರು. ಸ್ಲೈಡ್ ಫಿಲಮಿನ ವೇಗ ಸಾಮಾನ್ಯವಾಗಿ 25, 64, 100 ಅಂತ ಇರುತ್ತಿತ್ತು, ಅದಕ್ಕ ಭಾಳ ಬೆಳಕು ಬೇಕು. ನಮ್ಮಪ್ಪ, "ಹಾಡ ಹಗಲ ಹಂತಿ ಹಾಡಿದ್ರ ಎತ್ತು ನಗತಾವ್ರೀ" ಅಂದ. ಆದರೂ ಬಂದವರ ಮಾತು ಮೀರಬಾರದು ಅಂತ ಹೂಡಿದ, ಹಾಡಿದ. ಎತ್ತು ದಣಿದವು. ಅವ್ವ ನೀರು ತಂದಳು. ಅಂದಮ್ಯಾಲ "ಸುಳ್ಳು ಹೇಳದ" ಆ ಸ್ಲೈಡಿನಾಗ ಇರುವ ಹಂತಿ ಯಾವಾಗೂ ಆಗದೇ ಇದ್ದ ಹಂತಿ. ಖರೇ ಹಂತಿಯ ಬಣ್ಣ ಕಪ್ಪು. ಅದನ್ನ ಆ ಫಿಲಂ ಹಿಡಿಯಲಾರದು. ಇವತ್ತಿನ ಮೊಬೈಲು ಬೆಳದಿಂಗಳಾಗೂ ಹಿಡೀತೈತಿ. ಆದರ ಹಿಡಿಯಾಕ ಹಂತಿ ಇಲ್ಲ.

ಬಣ್ಣ ಪೂರ್ತಿ ಖರೇ ಬಂದ ಕಾಲ ಯಾವುದೂ ಇಲ್ಲ ಅನ್ನುವುದಕ್ಕ ಕೊಲ್ಹಾಪುರವೇ ಸಾಕ್ಷಿ. ಬಾಬುರಾವ್ ಪೇಂಟರ್ ಬಡಿಗರ ಮನೆತನದಾಗ ಹುಟ್ಟಿ, ನಾಟಕದ ಪರದೆ ಬರೆದು, ಆಮ್ಯಾಲ ಸಿನಿಮಾ ಕ್ಯಾಮೆರಾವನ್ನ ತಾವೇ ಕೊಲ್ಹಾಪುರದಾಗ ತಯಾರು ಮಾಡಿ, 1920ರಲ್ಲಿ 'ಸೈರಂಧ್ರಿ' ಅನ್ನುವ ಮೂಕಿ ಚಿತ್ರ ತೆಗೆದರು. ಬಣ್ಣದ ಕಲಾವಿದ, ಕಪ್ಪು ಬಿಳುಪಿನ ಚಿತ್ರ! ಅವರ ಕೈಯಾಗ ಕಲಿತವರು ಸೇರಿ 1929ರಲ್ಲಿ ಕೊಲ್ಹಾಪುರದಾಗ ಪ್ರಭಾತ್ ಕಂಪನಿ ಕಟ್ಟಿದರು. ಅದೇ 'ಸೈರಂಧ್ರಿ' ಕಥಿಯನ್ನ 1933ರಲ್ಲಿ ಬಣ್ಣದಾಗ ತೆಗೆದು, ಬಣ್ಣದ ಪ್ರತಿ ಮಾಡಿಸಾಕ ಜರ್ಮನಿಗೆ ಒಯ್ದರು. ಬಯಸಿದಂಥ ಬಣ್ಣ ಬರಲಿಲ್ಲ. ಆದರ ಅವರು "ಹಳೇದೇ ಚಲೋ ಇತ್ತು" ಅಂತ ಕೈ ಕಟ್ಟಿ ಕೂಡಲಿಲ್ಲ. ಬಣ್ಣದ ಫಿಲಂ ಅಗ್ಗ ಆಗಿ ಊರಿಗೆ ಬಂದಾಗ ಕಪ್ಪು ಬಿಳುಪು ಫೋಟೋಕ್ಕ ಕೈಯಿಂದ ಬಣ್ಣ ಹಚ್ಚುತ್ತಿದ್ದ ಕಲಾವಿದರ ಹೊಟ್ಟಿ ಮ್ಯಾಲ ಕಲ್ಲು ಬಿತ್ತು. ಆಗ ಅವರು ಅತ್ತರು. ಈಗ ಸ್ಲೈಡಿನವರು ಅಳುತ್ತಾರ. ಇವತ್ತು ಹಳೇದು ಅನ್ನುವ ಸ್ಲೈಡೂ ಒಂದು ಕಾಲಕ್ಕ ಯಾರದೋ ಕಸಬು ಕಸಿದ ಹೊಸದೇ.

ಎರಡನೇ ಮಾತು: 36 ಇದ್ದಾಗ ಕಿಮ್ಮತ್ತು ಇತ್ತು ಅನ್ನುವುದು. ಇದು ಕ್ಯಾಮೆರಾ ಹಿಡಿದವರ ಮಾತು. ಅವರಿಗೆ 36 ಅಂದರ ಸಂಯಮ, ಧ್ಯಾನ. ಕ್ಯಾಮೆರಾದ ಮುಂದ ನಿಂತ ನಮಗ 36 ಅಂದರ ಏನು? ಆ 36ರೊಳಗ ನಮ್ಮ ಮನೆತನಕ್ಕ ಬಂದದ್ದು ಒಂದು. ಆ ಒಂದರೊಳಗೂ ಅಪ್ಪನ ಮುಖ ಕತ್ತಲಿಗೆ ಹೋತು, ಅವ್ವನ ಮುಖ ಚೌಕಟ್ಟಿನ ಹೊರಗ ಹೋತು. ಇನ್ನೊಮ್ಮೆ ಒತ್ತಿದ್ದರ ಅವ್ವ ಒಳಗ ಬರುತ್ತಿದ್ದಳೋ ಏನೋ. ಫಿಲಂ ತುಟ್ಟಿ, ಒತ್ತಲಿಲ್ಲ. ಇವತ್ತಿಗೂ ನಮ್ಮ ಮನಿಯಾಗ ಅವ್ವನ ಮುಖದ ಫೋಟೋ ಒಂದೂ ಇಲ್ಲ. ನನ್ನ ಮೊಮ್ಮಗಳಿಗೆ ಎರಡು ವರ್ಷ. ಆಕಿಯ ಫೋಟೋ ಮೊಬೈಲಿನಾಗ ಸಾವಿರ ಅದಾವ. ಸಾವಿರ ಹೆಚ್ಚಾತು ಅನ್ನುವವರ ಮನಿಯಾಗ ಸೊನ್ನೆ ಇರಲಿಲ್ಲ. ಸೊನ್ನೆ ಇದ್ದವರಿಗೆ ಸಾವಿರ ಅಂದರ ಏನು ಅಂತ ಗೊತ್ತು.

ಇಷ್ಟು ಹೇಳಿ ನನ್ನನ್ನೂ ನಾನು ಬಿಡುವುದಿಲ್ಲ. ನಾನೂ ಇದೇ ತಪ್ಪು ಮಾಡಿದಾವ. ಸಭಾದಾಗ ಹಂತಿ ಪದ ಹಾಡಿ, "ಮಶೀನು ಬಂತು, ಹಾಡು ಹೋತು" ಅಂತ ಎಷ್ಟು ಸಲ ಹೇಳೀನಿ! ಮಂದಿ ಚುಚ್ ಚುಚ್ ಅಂತಾರ. ಆದರ ಹಂತಿಯ ಧೂಳಿಗೆ ರಾತ್ರಿಯಿಡೀ ಕೆಮ್ಮಿದ್ದು, ಎತ್ತಿನ ಬೆನ್ನ ಮ್ಯಾಲ ಬಾಸುಂಡಿ ಎದ್ದದ್ದು, ನಿದ್ದಿಗಣ್ಣಿನಾಗ ಕಾಲಿಗೆ ಗೊರಸು ಬಿದ್ದು ನಮ್ಮ ಕಾಕಾ ಮೂರು ತಿಂಗಳ ಕೂತದ್ದು ನಾನು ಹೇಳುವುದಿಲ್ಲ. ದೂರದ ಬೆಟ್ಟ ನುಣ್ಣಗ. ಮಶೀನು ಬಂದಾಗ ಮೊದಲು ಹಚ್ಚಿಸಿದವರಾಗ ನಾನೂ ಒಬ್ಬ. ಕಷ್ಟವನ್ನ ಮಶೀನಿಗೆ ಕೊಟ್ಟು ಹಾಡನ್ನ ಮಾತ್ರ ಇಟ್ಟುಕೊಂಡು ಅಳುವುದು ಸುಲಭ.

ಆದರ ಹಿರಿಯರ ಮಾತಿನಾಗ ಒಂದು ಕಾಳು ಗಟ್ಟಿ ಐತಿ. ಅದನ್ನ ತೂರಿ ಬಿಡಬಾರದು. ಸಾವಿರ ಫೋಟೋ ತೆಗೆದು ಯಾರೂ ನೋಡುವುದಿಲ್ಲ ಅನ್ನುವುದು ಖರೇ. ಹೋದ ಜಾತ್ರಿಯಾಗ ನಮ್ಮ ಭಜನಾ ಮೇಳದವರು ಹಾಡುವಾಗ ನಲವತ್ತು ಕೈ ಮೊಬೈಲು ಎತ್ತಿದ್ದವು. ಮರುದಿನ ಕೇಳಿದರ ಹಾಡು ಯಾವುದು ಅಂತ ಒಬ್ಬರೂ ಹೇಳಲಿಲ್ಲ. ಮುಖ ಬೆಳ್ಳಗ ಮಾಡುವ ಮೊಬೈಲೂ ನನಗ ಬೇಡ. ಮೊಮ್ಮಗ ಆ ರಾತ್ರಿ ಧೋತರದ ಮ್ಯಾಲಿನ ಚಿತ್ರದ ಫೋಟೋ ತೆಗೆದು, ಅಜ್ಜನ ಮುಖ ಕಾಣಲಿ ಅಂತ ಬೆಳಕು ಏರಿಸಿದ. ಮೀಸಿ ಸ್ವಲ್ಪ ಕಂಡಂಗಾತು, ಆದರ ಅವ್ವನ ಸೆರಗು ಗುಲಾಬಿ ಆತು. ಹಳೇದು ಮುಖ ತಿಂದಿತು, ಹೊಸದು ಬಣ್ಣ ತಿಂದಿತು. ಯಾವುದನ್ನ ಸತ್ಯ ಅನ್ನಲಿ?

ಮೂರನೇ ಮಾತು: ಸ್ಲೈಡು ಒಂದೇ ಒಂದು ಅಸಲು ಅನ್ನುವುದು. ಹಾಡುವವನಾಗಿ ನನಗ ಈ ಮಾತು ಎಳ್ಳಷ್ಟೂ ಸೇರುವುದಿಲ್ಲ. ಒಂದೇ ಇರುವುದು ದೊಡ್ಡಸ್ತಿಕೆ ಅಲ್ಲ, ಅದು ಗಂಡಾಂತರ. 2019ರ ಆಗಸ್ಟಿನ ಮಹಾಪೂರ ನೆನಸಿಕೊಳ್ಳರಿ. ಪಂಚಗಂಗಾ ಏರಿ ಕೊಲ್ಹಾಪುರ, ಇಚಲಕರಂಜಿ, ಶಿರೋಳ ಕಡೆ ಎಷ್ಟು ಮನಿ ಮುಳುಗಿದವು! 2021ರಲ್ಲಿ ತಿರುಗಿ ಬಂತು. ಪೂರ ಇಳಿದ ಮ್ಯಾಲ ನಮ್ಮ ಬೀಗರ ಮನಿಗೆ ಹೋದಾಗ ಅವರು ಕೆಸರಿನಾಗಿಂದ ಮದುವಿ ಆಲ್ಬಮ್ಮು ಎತ್ತಿದರು. ಹಾಳಿಗೆ ಹಾಳಿ ಅಂಟಿ, ಬಣ್ಣೆಲ್ಲಾ ಕರಗಿ ರಾಡಿ. ಮೊಬೈಲೂ ನೀರಾಗ ಹೋಗಿತ್ತು. ಆದರ ಮಗಳ ಮದುವಿ ಫೋಟೋ ಉಳಿದವು, ಯಾಕಂದರ ಅವು ಗಡಹಿಂಗ್ಲಜದ ಅತ್ತಿ ಮನಿಯ ಮೊಬೈಲಿನಾಗ, ಪುಣೆಯ ತಮ್ಮನ ಮೊಬೈಲಿನಾಗ ಇದ್ದವು. ನಮ್ಮ ಹಾಡು ಉಳಿದದ್ದೂ ಹಿಂಗೇ. ಬರೆದಿಟ್ಟವರಿಲ್ಲ, ಅಸಲು ಪ್ರತಿ ಅನ್ನುವುದು ಎಲ್ಲೂ ಇಲ್ಲ. ಅಪ್ಪನ ಬಾಯಿಂದ ನನಗ, ನನ್ನಿಂದ ಹತ್ತು ಮಂದಿಗೆ ಬಂತು. ಒಬ್ಬ ಮರೆತದ್ದು ಇನ್ನೊಬ್ಬನ ಹತ್ತರ ಸಿಗತೈತಿ.

ಇನ್ನೊಂದು ಸೋಜಿಗ ಐತಿ. ಕೊಡಾಕ್ರೋಮ್ ಕತ್ತಲಿನ ಪೆಟ್ಟಿಗಿಯಾಗ ಇದ್ದರ ಭಾಳ ವರ್ಷ ಬಣ್ಣ ಕೆಡುವುದಿಲ್ಲ. ಆದರ ಪ್ರೊಜೆಕ್ಟರಿನ ಬೆಳಕಿಗೆ ಹಿಡಿದಷ್ಟೂ ಮಾಸತೈತಿ. ಅಂದರ ತೋರಿಸಿದರ ಸವೀತೈತಿ, ತೋರಿಸದಿದ್ದರ ಉಳೀತೈತಿ. ನಮ್ಮ ಕೊಲ್ಹಾಪುರ ಕಡೆಯ ಮಳೆಗಾಲದಾಗ ಪೆಟ್ಟಿಗಿಯೊಳಗ ಬೂಸರು ಬೇರೆ ಹಿಡೀತೈತಿ. ಹಾಡಿನ ಗುಣ ಇದಕ್ಕ ತಿರುಗುಮುರುಗು. ಹಾಡಿದಷ್ಟೂ ಬೆಳೀತೈತಿ, ಬಾಯಿ ಮುಚ್ಚಿದರ ಸಾಯತೈತಿ.

ಕಡೇಕ ಒಂದು ಚಮತ್ಕಾರದ ಮಾತು. ಡಿಜಿಟಲ್ ಕ್ಯಾಮೆರಾ ಮೊದಲು ಮಾಡಿದ್ದೂ ಕೊಡಾಕ್ ಕಂಪನಿಯಾಗೇ. 1975ರಲ್ಲಿ ಸ್ಟೀವನ್ ಸ್ಯಾಸನ್ ಅನ್ನುವ ಹರೇದ ಎಂಜಿನಿಯರು ಮಾಡಿದರು. ಒಂದು ಫೋಟೋ ದಾಖಲಾಗಲು 23 ಸೆಕೆಂಡು ಬೇಕಾಗುತ್ತಿತ್ತು, ಅದೂ ನಾವು ಭಜನಿ ಪದ ತುಂಬಿಸುತ್ತಿದ್ದಂಥ ಕ್ಯಾಸೆಟ್ಟಿನ ಮ್ಯಾಲ! ಕಂಪನಿ ಅದನ್ನ ಮುಂದ ಒಯ್ಯಲಿಲ್ಲ, ಫಿಲಮಿನ ಮ್ಯಾಲಿನ ಮೋಹ ಬಿಡಲಿಲ್ಲ. 2012ರ ಜನವರಿಯಾಗ ದಿವಾಳಿ ಅರ್ಜಿ ಹಾಕಿತು. ಹಳೇದರ ಮೋಹದ ಬೆಲಿ ಅಷ್ಟು.

ಹಂಗಾದರ ಆ ರಾತ್ರಿ ನಮಗೆಲ್ಲಾ ಅಷ್ಟು ಸಂತೋಷ ಯಾಕಾತು? ಅಲ್ಲೇ ಹಿರಿಯರು ಹೇಳದೇ ಬಿಟ್ಟ ನಾಲ್ಕನೇ ಮಾತು ಐತಿ. ಎಪ್ಪತ್ತು ಮಂದಿ ಒಂದು ಕತ್ತಲಿಯಾಗ ಕೂತು ಒಂದೇ ಚಿತ್ರ ನೋಡಿದೆವು. ಒಬ್ಬರು ಹೇಳಿದರು, ಉಳಿದವರು ಕೇಳಿದರು. ನಡುವ ಬಾಯಿ ಹಾಕಿದರು. "ಇದು ನಮ್ಮ ಬಾವಿ", "ಆ ಬೇವಿನ ಗಿಡ ಈಗಿಲ್ಲ" ಅಂದರು. ಮೊಬೈಲಿನಾಗ ನಾವು ಒಬ್ಬೊಬ್ಬರೇ ನೋಡತೀವಿ, ತಲಿ ಬಗ್ಗಿಸಿ, ಬೆರಳು ಎಳೆದು ಮುಂದ ಹೋಗತೀವಿ. ಕಳಕೊಂಡದ್ದು ಫಿಲಂ ಅಲ್ಲ, ಕೂಡಿ ಕೂಡುವುದು. ಅದಕ್ಕ ಫಿಲಂ ಬೇಕಾಗಿಲ್ಲ. ನಮ್ಮ ಶಾಲಿಯಾಗ ಈಗ ಪ್ರೊಜೆಕ್ಟರು ಐತಿ, ಧೋತರ ನಮ್ಮ ಮನಿಯಾಗ ಐತಿ.

ಇನ್ನೊಂದು, ಆ ಸ್ಲೈಡಿನ ಚೌಕಟ್ಟಿನ ಮ್ಯಾಲ ಪೆನ್ಸಿಲಿನಿಂದ ಊರು, ವರ್ಷ, ವಿಷಯ ಬರೆದಿತ್ತು. ಮೊಬೈಲ್ ಫೋಟೋಕ್ಕ ಹಂಗ ಯಾರೂ ವಿಷಯ ಬರೆದಿಡುವುದಿಲ್ಲ. ಆ ಲೆಕ್ಕಕ್ಕ ಸ್ಲೈಡೇ ಮೇಲು. ಆದರ ಆ ಚೌಕಟ್ಟಿನ ಮ್ಯಾಲೂ ಹೆಸರು ಇರಲಿಲ್ಲ. "ಹಂತಿ ಹಾಡುಗಾರ" ಅಂತ ಇತ್ತು. ಕೊಲ್ಹಾಪುರದ ಯಾವುದೇ ಪೈಲವಾನನ ಫೋಟೋಕ್ಕ, ಯಾವುದೇ ನಟನ ಫೋಟೋಕ್ಕ "ಪೈಲವಾನ", "ನಟ" ಅಂತ ಅಷ್ಟೇ ಬರೆದು ಬಿಡುತ್ತಿದ್ದರೇನು?

ಕಾರ್ಯಕ್ರಮ ಮುಗಿದ ಮ್ಯಾಲ ನಾನು ಆ ಹಿರಿಯರ ಹತ್ತರ ಹೋಗಿ ಇಬ್ಬರ ಹೆಸರೂ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಜೋಬಿನಿಂದ ಪೆನ್ಸಿಲು ತೆಗೆದು, ಕನ್ನಡಕ ಏರಿಸಿ, ನಡುಗುವ ಕೈಯಿಂದ ಆ ಎರಡು ಇಂಚಿನ ಚೌಕಟ್ಟಿನ ಅಂಚಿಗೆ ಅಪ್ಪನ ಹೆಸರು ಬರೆದರು. ಆಮ್ಯಾಲ ಅವ್ವನ ಹೆಸರು ಬರೆದರು. ಸ್ಲೈಡು ಕೊಡಲಾರೆ, ಇರೂದು ಇದೊಂದ ಅಂದರು. ಬ್ಯಾಡ್ರಿ, ನಕಲು ಸಾಕು ಅಂದೆ. ಎಂಟು ದಿನದ ಮ್ಯಾಲ ಅದನ್ನ ಸ್ಕ್ಯಾನ್ ಮಾಡಿಸಿ ಮೊಬೈಲಿಗೆ ಕಳಿಸಿದರು. ಈ ಸಲ ಅಪ್ಪನ ಕಣ್ಣು ಸ್ವಲ್ಪ ಕಾಣತಾವ, ಸೆರಗೂ ಕೆಂಪಗೇ ಐತಿ. ಹಳೇದು, ಹೊಸದು ಎರಡೂ ಕೂಡಿದ್ದಕ್ಕ ಅಷ್ಟು ಸಿಕ್ಕಿತು.

ಅದಕ್ಕ ನಮ್ಮ ಮಾಸ್ತರರಿಗೆ, ಅಕ್ಕೋರಿಗೆ, ವಾಚನಾಲಯದವರಿಗೆ ನನ್ನದೊಂದು ವಿನಂತಿ. ಮನಿ ಮನಿಯಾಗ ಟ್ರಂಕಿನ ತಳದಾಗ, ದೇವರ ಜಗಲಿ ಹಿಂದ, ಮೊಬೈಲಿನ ಒಳಗ ಇರುವ ಊರಿನ ಫೋಟೋ ಕೂಡಿಸೋಣ. ಶಾಲಿ ಹುಡುಗರು ಮುದುಕರ ಹತ್ತರ ಕೂತು, ಫೋಟೋದಾಗ ಇದ್ದವರ ಹೆಸರು ಕೇಳಿ ಬರೆಯಲಿ. ಅಂಚಿನಾಗ ಅರ್ಧ ಕಾಣುವವರ ಹೆಸರನ್ನೂ ಬಿಡದೇ ಬರೆಯಲಿ. ವರ್ಷಕ್ಕೊಮ್ಮೆ ದೀಪ ಆರಿಸಿ ಎಲ್ಲಾರೂ ಕೂಡಿ ನೋಡೋಣ. ಹೆಸರು ಹೇಳುವ ಮುದುಕರು ವರ್ಷ ವರ್ಷ ಕಡಿಮಿ ಆಗತಾರ. ಈ ದೀಪಾವಳಿಗೇ ಸುರು ಮಾಡಿದರ ಚಲೋ. ಧೋತರ ನಾನು ತರತೀನಿ.